ಉಗುರು ಒಡೆಯುತ್ತಿದೆ, ಬಯೋಟಿನ್ ಮಾತ್ರೆ ಸಾಕಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು, ವಯಸ್ಸು 41. ಎರಡು ವರ್ಷದಿಂದ ಕೈ ಉಗುರುಗಳು ತುದಿಯಲ್ಲಿ ಪದರ ಪದರವಾಗಿ ಏಳುತ್ತಿವೆ. ಬಟ್ಟೆಗೆ ಸಿಕ್ಕಿ ಹರಿಯುತ್ತವೆ. ಈಚೆಗೆ ಎರಡೂ ಹೆಬ್ಬೆರಳಿನ ಉಗುರು ಮತ್ತು ಎಡಗೈ ಉಂಗುರ ಬೆರಳಿನ ಉಗುರು ಚಪ್ಪಟೆಯಾಗಿ, ನಡುವೆ ತಗ್ಗು ಬಿದ್ದಿದೆ. ಮನೆಯಲ್ಲಿ ಅಡಿಕೆ ತೋಟ ಇದೆ, ಎರಡು ಹಸು ಇವೆ. ಕೊನೆಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿಯುತ್ತೇನೆ. ಕ್ಯಾಲ್ಸಿಯಂ ಕಮ್ಮಿಯಾಗಿದೆ, ಹಾಲು ಜಾಸ್ತಿ ಕುಡಿ ಅಂತ ಅತ್ತೆ ಹೇಳುತ್ತಾರೆ. ತಂಗಿ ಬೆಂಗಳೂರಿನಿಂದ 10,000 ಮೈಕ್ರೋಗ್ರಾಂನ ಬಯೋಟಿನ್ ಮಾತ್ರೆ ಕಳಿಸಿದ್ದಾಳೆ. ಎರಡು ತಿಂಗಳಿಂದ ನುಂಗುತ್ತಿದ್ದೇನೆ, ಏನೂ ಗೊತ್ತಾಗುತ್ತಿಲ್ಲ. ಕೊಲ್ಲಾಜೆನ್ ಪುಡಿನೂ ತಗೋ ಅನ್ನುತ್ತಾಳೆ. ನಾವು ಮೊಟ್ಟೆ, ಮೀನು ತಿನ್ನುವವರಲ್ಲ. ಮುಟ್ಟು ಏಳೆಂಟು ದಿನ ಇರುತ್ತದೆ, ಜಾಸ್ತಿಯೇ ಹೋಗುತ್ತದೆ. ಸುಸ್ತು ಇದೆ, ವಯಸ್ಸಿಗೆ ಅಂದುಕೊಂಡಿದ್ದೇನೆ. ಹೇಳಲು ನಾಚಿಕೆ, ಅಡುಗೆಮನೆಗೆ ಹೋದಾಗಲೆಲ್ಲ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಚಟ ಹತ್ತಿದೆ. ಮುಂದಿನ ವಾರ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು ಅಂತಿದ್ದೇನೆ. ಶಿವಮೊಗ್ಗದ ಹಾಸ್ಟೆಲಿನಲ್ಲಿ ಪಿಯುಸಿ ಓದುವ ಮಗಳ ಉಗುರಿನಲ್ಲಿ ಬಿಳಿ ಚುಕ್ಕೆಗಳಿವೆ. ಅವಳಿಗೂ ಬಯೋಟಿನ್ ಕೊಡಬಹುದೇ?

ಉತ್ತರ: ಮೊದಲು ಮುಂದಿನ ವಾರದ ಪರೀಕ್ಷೆಯ ವಿಷಯ ಹೇಳಿಬಿಡುತ್ತೇನೆ, ಅದಕ್ಕೆ ತಡ ಮಾಡುವಂತಿಲ್ಲ. ಬಯೋಟಿನ್ ಮಾತ್ರೆಯನ್ನು ಇವತ್ತೇ ನಿಲ್ಲಿಸಿ. ಕೊನೆಯ ಮಾತ್ರೆಗೂ ರಕ್ತ ಕೊಡುವುದಕ್ಕೂ ನಡುವೆ ಕಡಿಮೆ ಅಂದರೂ ಎರಡು ದಿನ ಅಂತರ ಇರಲಿ. ಒಂದು ವಾರ ಸಿಕ್ಕರೆ ಇನ್ನೂ ಒಳ್ಳೆಯದು. ಲ್ಯಾಬಿನವರಿಗೂ, ರಿಪೋರ್ಟ್ ನೋಡುವ ಡಾಕ್ಟರಿಗೂ ‘ಬಯೋಟಿನ್ ತಗೋತಿದ್ದೆ’ ಅಂತ ಬಾಯಿಬಿಟ್ಟು ಹೇಳಿ.

ಯಾಕೆ ಅಂದರೆ, ಎಷ್ಟೋ ಲ್ಯಾಬುಗಳ ಯಂತ್ರಗಳು ಹಾರ್ಮೋನ್ ಅಳೆಯುವುದಕ್ಕೇ ಬಯೋಟಿನ್ ಬಳಸುತ್ತವೆ. ರಕ್ತದಲ್ಲಿ ಅದು ಮೊದಲೇ ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಇರುವುದಕ್ಕಿಂತ ಕಮ್ಮಿ, ಟಿ4 (ಆ ಗ್ರಂಥಿ ತಯಾರಿಸುವ ಹಾರ್ಮೋನ್) ಇರುವುದಕ್ಕಿಂತ ಜಾಸ್ತಿ ಬರಬಹುದು. ಥೈರಾಯ್ಡ್ ಸರಿಯಿರುವವರಿಗೂ ಅದು ಅತಿಯಾಗಿ ಕೆಲಸ ಮಾಡುತ್ತಿದೆ ಅನ್ನುವ ರಿಪೋರ್ಟ್ ಬರುತ್ತದೆ. ನಿಜವಾಗಿ ಥೈರಾಯ್ಡ್ ಕಮ್ಮಿ ಇರುವವರ ರಿಪೋರ್ಟ್ ಸರಿಯಿದ್ದಂತೆ ಕಾಣಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೇ ಹಾದಿ ತಪ್ಪಬಹುದು. ಇದರ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರ ನವೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಟ್ರೋಪೋನಿನ್ ಕಮ್ಮಿ ತೋರಿಸಿ ಒಬ್ಬರು ತೀರಿಕೊಂಡ ವರದಿಯೂ ಅದರಲ್ಲಿತ್ತು. ‘ವಿಟಮಿನ್ ತಾನೇ’ ಅಂತ ಜನ ಇದನ್ನು ಡಾಕ್ಟರ ಹತ್ತಿರ ಹೇಳುವುದೇ ಇಲ್ಲ. ಹಾಗಾಗಿ ನಾನು ಎಲ್ಲರನ್ನೂ ನಾನಾಗಿಯೇ ಕೇಳುತ್ತೇನೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನೀವು ನಾಚಿಕೊಂಡು ಬರೆದ ಆ ಹಸಿ ಅಕ್ಕಿಯ ಮಾತು ನನಗೆ ಉಗುರಿಗಿಂತ ಮುಖ್ಯವಾಗಿ ಕಂಡಿತು. ಅಕ್ಕಿ, ಸೀಮೆಸುಣ್ಣ, ಮಣ್ಣು, ಐಸ್ ತಿನ್ನಬೇಕು ಅನ್ನಿಸುವುದು ಚಟ ಅಲ್ಲ. ಬಹಳಷ್ಟು ಸಲ ಅದು ದೇಹದಲ್ಲಿ ಕಬ್ಬಿಣಾಂಶ ಕಮ್ಮಿಯಾಗಿರುವ ಲಕ್ಷಣ. ನನ್ನ ಹತ್ತಿರ ಬರುವ ಹೆಂಗಸರು ಇದನ್ನು ತಾವಾಗಿ ಹೇಳುವುದು ಅಪರೂಪ. ಕೇಳಿದರೆ ತಲೆ ತಗ್ಗಿಸಿ ‘ಹೌದು’ ಅನ್ನುತ್ತಾರೆ. ಕಬ್ಬಿಣಾಂಶ ತುಂಬಿದ ಮೇಲೆ ಆ ಆಸೆ ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ನೀವು ಬರೆದದ್ದು ಬಹಳ ಒಳ್ಳೆಯದಾಯಿತು.

ಅಕ್ಕಿಯ ಜೊತೆಗೆ ಏಳೆಂಟು ದಿನದ ಮುಟ್ಟು, ಸುಸ್ತು, ನಡುವೆ ತಗ್ಗು ಬಿದ್ದ ಉಗುರು. ಹೀಗೆ ತಗ್ಗಾದ ಉಗುರಿಗೆ ಚಮಚ ಉಗುರು ಅನ್ನುತ್ತೇವೆ. ಒಂದು ತೊಟ್ಟು ನೀರು ಬಿಟ್ಟರೆ ಉಗುರಿನ ಮೇಲೇ ನಿಲ್ಲುತ್ತದೆ, ಬೇಕಾದರೆ ಬಿಟ್ಟು ನೋಡಿ. ಹೆಬ್ಬೆರಳು, ತೋರುಬೆರಳಿಗೆ ಮಾತ್ರ ಆಗಿದ್ದರೆ ಅಡಿಕೆ ಸುಲಿಯುವಾಗಿನ ಒತ್ತಡ, ನೀರಿನ ಕೆಲಸ ಅನ್ನಬಹುದಿತ್ತು. ಕೈಕೆಲಸ ಮಾಡುವವರಿಗೆ ಹಾಗೂ ಆಗುತ್ತದೆ. ಆದರೆ ಅಷ್ಟೇನೂ ಒತ್ತು ಬೀಳದ ಎಡಗೈ ಉಂಗುರ ಬೆರಳಿಗೂ ಆಗಿದೆ ಅಂದರೆ ರಕ್ತ ನೋಡಲೇಬೇಕು.

ನಿಮ್ಮ ಮನೆಯಲ್ಲಿ ಓಡಾಡುವ ಮಾತುಗಳನ್ನು ಈಗ ನೋಡೋಣ. ಕ್ಯಾಲ್ಸಿಯಂ ಕಮ್ಮಿಯಾದರೆ ಉಗುರು ಒಡೆಯುತ್ತದೆ ಅನ್ನುವುದು ಬಹಳ ಹಳೆಯ ನಂಬಿಕೆ. ಉಗುರು ಗಟ್ಟಿ, ಮೂಳೆ ಗಟ್ಟಿ, ಹಾಗಾಗಿ ಎರಡಕ್ಕೂ ಕ್ಯಾಲ್ಸಿಯಂ ಬೇಕು ಅಂತ ಅನ್ನಿಸುವುದು ಸಹಜ. ನಿಜ ಏನೆಂದರೆ ಉಗುರು ಕೆರಟಿನ್ ಎಂಬ ಪ್ರೋಟೀನಿನಿಂದ ಆಗಿದೆ, ಕೂದಲೂ ಅದರದ್ದೇ. ಉಗುರಿನ ತೂಕದಲ್ಲಿ ಕ್ಯಾಲ್ಸಿಯಂ ಶೇಕಡಾ ಒಂದು ಭಾಗ ಕೂಡ ಇರುವುದಿಲ್ಲ. ಕೆರಟಿನ್ ಎಳೆಗಳನ್ನು ಗಂಧಕದ ಅಂಶ ಬೆಸೆದು ಹಿಡಿದಿರುತ್ತದೆ, ಗಟ್ಟಿತನ ಬರುವುದು ಅದರಿಂದ. ಹಾಲು ಮೂಳೆಗೆ ಬೇಕು, ಪ್ರೋಟೀನಿಗೂ ಒಳ್ಳೆಯದು, ಧಾರಾಳವಾಗಿ ಕುಡಿಯಿರಿ. ಅತ್ತೆಯವರ ಜೊತೆ ಇದಕ್ಕಾಗಿ ವಾದ ಬೇಡ. ಊಟದ ಜೊತೆಗೇ ಕುಡಿಯಬೇಡಿ ಅಷ್ಟೆ, ಹಾಲಿನ ಕ್ಯಾಲ್ಸಿಯಂ ಕಬ್ಬಿಣಾಂಶ ಹೀರುವುದಕ್ಕೆ ಸ್ವಲ್ಪ ಅಡ್ಡ ಬರುತ್ತದೆ.

ಬಯೋಟಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದು ಕುದುರೆಗಳಿಂದ ಮನುಷ್ಯರಿಗೆ ಬಂದ ಯೋಚನೆ. ಕುದುರೆಯ ಗೊರಸಿಗೆ ಉಪಯೋಗವಾಗುತ್ತದೆ ಅಂತ ಪಶುವೈದ್ಯರು ಕಂಡ ಮೇಲೆ, 1980ರ ದಶಕದ ಕೊನೆಯಿಂದ ಜನರ ಉಗುರಿನ ಮೇಲೂ ನೋಡಿದರು. 1993ರ ಒಂದು ಅಧ್ಯಯನದಲ್ಲಿ 35 ಜನರ ಪೈಕಿ 22 ಜನರಿಗೆ ಉಗುರು ಸುಧಾರಿಸಿತು. ಕೇಳಲು ಚೆನ್ನಾಗಿದೆ. ಆದರೆ ಮಾತ್ರೆ ಇಲ್ಲದೆ ಬರೀ ಆರೈಕೆ ಮಾಡಿದ್ದರೆ ಎಷ್ಟು ಜನರಿಗೆ ಸುಧಾರಿಸುತ್ತಿತ್ತು ಅನ್ನುವ ಹೋಲಿಕೆ ಅದರಲ್ಲಿ ಇಲ್ಲ. ಆ ಅಧ್ಯಯನಗಳಲ್ಲಿ ಕೊಟ್ಟ ಪ್ರಮಾಣ ದಿನಕ್ಕೆ 2.5 ಮಿಲಿಗ್ರಾಂ. ನಿಮ್ಮ ಮಾತ್ರೆಯಲ್ಲಿರುವುದು 10,000 ಮೈಕ್ರೋಗ್ರಾಂ, ಅಂದರೆ 10 ಮಿಲಿಗ್ರಾಂ, ಅದರ ನಾಲ್ಕರಷ್ಟು. ದೇಹಕ್ಕೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ ನೀವು 300 ಪಟ್ಟಿಗಿಂತ ಜಾಸ್ತಿ ನುಂಗುತ್ತಿದ್ದೀರಿ.

ಬಯೋಟಿನ್ ಕೊರತೆ ನಿಜವಾಗಿ ಇರುವವರು ಬಹಳ ಕಮ್ಮಿ. ಶೇಂಗಾ, ಬಾದಾಮಿ, ಗೆಣಸು, ಹಾಲು ಎಲ್ಲದರಲ್ಲೂ ಅದು ಇದೆ. ದಿನಾ ಹಸಿ ಮೊಟ್ಟೆ ಕುಡಿಯುವವರಿಗೆ ಕಮ್ಮಿಯಾಗಬಹುದು, ಬೇಯಿಸದ ಬಿಳಿಭಾಗ ಅದನ್ನು ಕಟ್ಟಿಹಾಕುತ್ತದೆ. ನಿಮ್ಮ ಮನೆಗೆ ಆ ಮಾತೇ ಇಲ್ಲ. ಬಯೋಟಿನ್ ಕುಡಿದರೆ ವಿಷವಾಗುತ್ತದೆ ಅಂತ ನಾನು ಹೇಳುತ್ತಿಲ್ಲ, ಹಾಗೇನೂ ಆಗುವುದಿಲ್ಲ. ಆದರೆ ಪರೀಕ್ಷೆಗಳನ್ನು ಕೆಡಿಸುತ್ತದೆ. ಜೊತೆಗೆ ನಿಜವಾದ ಕಾರಣ ಹುಡುಕುವುದನ್ನು ತಿಂಗಳುಗಟ್ಟಲೆ ಮುಂದೆ ಹಾಕಿಸುತ್ತದೆ. ನನಗೆ ಬೇಸರ ಆಗುವುದು ಈ ಎರಡನೆಯದಕ್ಕೆ. ಮಾತ್ರೆ ತಗೋತಿದ್ದೀನಲ್ಲ ಅನ್ನುವ ಸಮಾಧಾನದಲ್ಲಿ ರಕ್ತಹೀನತೆ ಹಾಗೇ ಉಳಿದುಬಿಡುತ್ತದೆ.

ಕೊಲ್ಲಾಜೆನ್ ಬಗ್ಗೆ ಚಿಕ್ಕದಾಗಿ: 2017ರಲ್ಲಿ 25 ಜನರಿಗೆ 24 ವಾರ ಕೊಟ್ಟು ನೋಡಿದರು, ಉಗುರು ಒಡೆಯುವುದು ಕಡಿಮೆಯಾಯಿತು ಅಂದರು. ಅದರಲ್ಲೂ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಕೊಲ್ಲಾಜೆನ್ ಬರುವುದು ದನ, ಹಂದಿ ಅಥವಾ ಮೀನಿನ ಚರ್ಮ, ಮೂಳೆಗಳಿಂದ. ಅಂಟುಮಿಠಾಯಿಯ ಹಾಗಿರುವ ಎಷ್ಟೋ ವಿಟಮಿನ್ ಗಮ್ಮಿಗಳಲ್ಲಿ, ಕ್ಯಾಪ್ಸೂಲಿನ ಹೊರಕವಚದಲ್ಲಿ ಇರುವ ಜೆಲಾಟಿನ್ ಕೂಡ ಪ್ರಾಣಿಗಳದ್ದೇ. ಸಸ್ಯಾಹಾರದವರು ಡಬ್ಬಿಯ ಮೇಲಿನ ಗುರುತು ನೋಡಿಕೊಳ್ಳಿ. ಕೊಳ್ಳಲೇಬೇಕಾದ ಕಾರಣ ನನಗೆ ಕಾಣುವುದಿಲ್ಲ.

‘ಕೂದಲು, ಚರ್ಮ, ಉಗುರಿಗೆ’ ಅಂತ ಬರುವ ಎಲ್ಲಾ ಸೇರಿಸಿದ ಮಾತ್ರೆಗಳಲ್ಲಿ ನಾನು ನಿಜಕ್ಕೂ ಹೆದರುವುದು ಸೆಲೆನಿಯಂ ಮತ್ತು ವಿಟಮಿನ್ ಎ ಜಾಸ್ತಿಯಾಗುವುದಕ್ಕೆ. ಸೆಲೆನಿಯಂ ಮಿತಿ ಮೀರಿದರೆ ಉಗುರು ಗಟ್ಟಿಯಾಗುವುದಿಲ್ಲ, ಬಣ್ಣಗೆಟ್ಟು ಉದುರುತ್ತದೆ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವರೂಪದ ಪೂರಕದಲ್ಲಿ ತಪ್ಪಿ ಲೇಬಲ್ಲಿನಲ್ಲಿದ್ದ ಪ್ರಮಾಣದ 200 ಪಟ್ಟು ಸೆಲೆನಿಯಂ ಸೇರಿಹೋಗಿತ್ತು. 201 ಜನರಿಗೆ ತೊಂದರೆಯಾಯಿತು, ಕೂದಲು ಉದುರಿತು, ಉಗುರು ಕೆಟ್ಟಿತು. ಸತು ಕೂಡ ಹಾಗೇ. ತಿಂಗಳುಗಟ್ಟಲೆ ಜಾಸ್ತಿ ತಗೊಂಡರೆ ದೇಹದ ತಾಮ್ರ ಕಮ್ಮಿಯಾಗುತ್ತದೆ. ಎರಡು ಮೂರು ಡಬ್ಬಿ ಒಟ್ಟಿಗೆ ನುಂಗುವವರು ಎಲ್ಲದರಲ್ಲೂ ಇರುವ ಒಂದೇ ಅಂಶವನ್ನು ಕೂಡಿಸಿ ನೋಡುವುದಿಲ್ಲ.

ಹಾಗಾದರೆ ನಿಮ್ಮ ಉಗುರಿಗೆ ಏನಾಗಿದೆ? ನನ್ನ ಅಂದಾಜಿನಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ.

ತುದಿ ಪದರವಾಗಿ ಏಳುವುದು ಬಹುಮಟ್ಟಿಗೆ ಹೊರಗಿನ ಕಾರಣ, ನೀರು. ಉಗುರು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಮಳೆಗೆ ನೆನೆದು ಬಿಸಿಲಿಗೆ ಒಣಗಿದ ಪ್ಲೈವುಡ್ ಹಾಗೆ ಪದರ ಬಿಡುತ್ತದೆ. ಪಾತ್ರೆ, ಬಟ್ಟೆ, ಕೊಟ್ಟಿಗೆ, ಹಾಲು ಕರೆಯುವುದು. ಮಳೆಗಾಲದಲ್ಲಿ ನಮ್ಮ ಕಡೆ ಕೈ ಒಣಗುವುದು ಯಾವಾಗ ಹೇಳಿ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ತೀರ್ಥಹಳ್ಳಿ ಕಡೆಗೂ ಏನು ಕಮ್ಮಿ ಇಲ್ಲ. ಮಳೆ ಮುಗಿಯಿತು ಅನ್ನುವಾಗ ಅಡಿಕೆ ಬರುತ್ತದೆ. ಹಸಿ ಅಡಿಕೆ ಸುಲಿದ ಕೈ, ಚೊಗರು ತಾಗಿದ ಕೈ ಕಪ್ಪಾಗುತ್ತದೆ. ಆ ಕಪ್ಪು ರೋಗ ಅಲ್ಲ, ಕಲೆ ಅಷ್ಟೆ. ಉಗುರು ಬೆಳೆದ ಹಾಗೆ ಹೋಗುತ್ತದೆ. ಆದರೆ ಅದನ್ನು ತೆಗೆಯಬೇಕು ಅಂತ ನಿಂಬೆಹಣ್ಣು, ಹುಣಸೆಹಣ್ಣು, ಸೋಪಿನ ಪುಡಿ ಹಾಕಿ ಗಸಗಸ ತಿಕ್ಕುತ್ತಾರಲ್ಲ, ಅದು ಉಗುರಿನಲ್ಲಿ ಉಳಿದ ಎಣ್ಣೆಯ ಅಂಶವನ್ನೂ ತೆಗೆದುಬಿಡುತ್ತದೆ. ಕಲೆ ಹಾಗೇ ಇರಲಿ ಬಿಡಿ.

ಇದನ್ನು ಪತ್ತೆ ಮಾಡಲು ಮನೆಯಲ್ಲೇ ಒಂದು ದಾರಿ ಇದೆ. ಕಾಲಿನ ಉಗುರು ನೋಡಿಕೊಳ್ಳಿ. ಕಾಲಿನದು ಗಟ್ಟಿಯಾಗಿದ್ದು ಕೈಯದು ಮಾತ್ರ ಒಡೆಯುತ್ತಿದ್ದರೆ ಕಾರಣ ಹೊರಗಿನದು, ನೀರು, ಸೋಪು. ಕೈ ಕಾಲು ಎರಡೂ ಸೊರಗಿದ್ದರೆ ಒಳಗಿನ ಕಾರಣ ಹುಡುಕಬೇಕು. ಇದು ನೂರಕ್ಕೆ ನೂರು ಸರಿಯಲ್ಲ, ಆದರೆ ಒಳ್ಳೆಯ ಸುಳಿವು.

ಉಗುರು ತಗ್ಗಾಗಿರುವುದು ಎರಡನೆಯ ತೊಂದರೆ. ಅಲ್ಲಿ ಕಬ್ಬಿಣಾಂಶದ ಮೇಲೆ ನನ್ನ ಅನುಮಾನ. ಇದು ನಿಮ್ಮೊಬ್ಬರ ಕಥೆ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಕಂಡುಬಂದಿದೆ. ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂದೇ ಸಾಲದು, ಫೆರಿಟಿನ್ ಕೂಡ ಬರೆಸಿಕೊಳ್ಳಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಆದರೆ ಹಿಮೋಗ್ಲೋಬಿನ್ 12 ಇದ್ದೂ ದೇಹದ ಕಬ್ಬಿಣಾಂಶದ ದಾಸ್ತಾನು ಖಾಲಿಯಾಗಿರಬಹುದು, ಫೆರಿಟಿನ್ ಹೇಳುವುದು ಆ ದಾಸ್ತಾನನ್ನು. ಅದು 15ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಅರ್ಥ. 30ರ ಒಳಗಿದ್ದರೂ ನಿಮ್ಮಂಥ ಲಕ್ಷಣ ಇರುವವರಿಗೆ ನಾನು ಚಿಕಿತ್ಸೆ ಕೊಡುತ್ತೇನೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಆಗ ಮಾಡಿಸಬೇಡಿ. ಸಸ್ಯಾಹಾರಿಗಳಾದ್ದರಿಂದ ಬಿ12 ಕೂಡ ಸೇರಿಸಿ. ಬಿ12 ಕಮ್ಮಿಯಾದರೆ ಸುಸ್ತು, ಕೈಕಾಲು ಜೋಮು ಬರುತ್ತದೆ. ಬೆರಳ ಗೆಣ್ಣು, ಉಗುರು ಕಪ್ಪಾಗುವುದೂ ಉಂಟು. ಅಡಿಕೆಯ ಕಪ್ಪು ಅಂದುಕೊಂಡು ಬಿಟ್ಟುಬಿಡುವ ಅಪಾಯ ಇದೆ. ಥೈರಾಯ್ಡ್ ಮಾಡಿಸುವುದು ಸರಿಯೇ, ಅದು ಕಮ್ಮಿಯಾದರೂ ಉಗುರು ಒಡೆಯುತ್ತದೆ.

ಊಟದ ವಿಷಯಕ್ಕೆ ಬಂದರೆ, ಮಲೆನಾಡಿನ ಅಡುಗೆಮನೆಯಲ್ಲಿ ಬೇಕಾದ್ದೆಲ್ಲ ಇದೆ. ತಟ್ಟೆಯಲ್ಲಿ ಹಂಚಿಕೆ ಸರಿಯಿಲ್ಲ, ಅಷ್ಟೆ. ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಇಲ್ಲವೇ ಗಂಜಿ. ಅಕ್ಕಿಯಲ್ಲಿ ಪ್ರೋಟೀನ್ ಕಮ್ಮಿ, ಕಬ್ಬಿಣಾಂಶ ಇನ್ನೂ ಕಮ್ಮಿ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. 55 ಕಿಲೋ ಇರುವವರಿಗೆ ಸುಮಾರು 46 ಗ್ರಾಂ. ನಿಮ್ಮ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಗಂಡಸಿಗೆ 19 ಸಾಕು. ಮನೆಯಲ್ಲಿ ಕೊನೆಗೆ ಉಣ್ಣುವವರಿಗೇ ಜಾಸ್ತಿ ಬೇಕು ಅಂತಾಯಿತು.

ಹುರುಳಿ ನಿಮ್ಮ ಮೊದಲ ಸ್ನೇಹಿತ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಕಬ್ಬಿಣಾಂಶವೂ ಚೆನ್ನಾಗಿದೆ. ಆದರೆ ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಹಸುವಿಗೆ ಹಾಕಿದರೆ ಪ್ರೋಟೀನ್ ಹಸುವಿಗೆ ಹೋಯಿತು! ಕಾಳನ್ನೂ ಉಸಲಿ ಮಾಡಿ ತಿನ್ನಿ. ಮೊಳಕೆ ಬರಿಸಿದರೆ ಕಬ್ಬಿಣಾಂಶ ಇನ್ನಷ್ಟು ಚೆನ್ನಾಗಿ ಹಿಡಿಯುತ್ತದೆ. ಹೆಸರು, ಅಲಸಂದೆ, ಕಡಲೆ, ಶೇಂಗಾ, ಎಳ್ಳು, ರಾಗಿ ಎಲ್ಲವೂ ಸರದಿಯಲ್ಲಿ ಬರಲಿ. ಹರಿವೆ, ಬಸಳೆ, ನುಗ್ಗೆ ಸೊಪ್ಪು, ಕೆಸುವಿನ ಪತ್ರೊಡೆ ಒಳ್ಳೆಯವೇ. ಆದರೆ ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಅದಕ್ಕೆ ವಿಟಮಿನ್ ಸಿ ಜೊತೆ ಬೇಕು. ನಿಂಬೆರಸ ಹಿಂಡಿಕೊಳ್ಳಿ. ಹಸಿ ನೆಲ್ಲಿಕಾಯಿ ಸಿಗುವ ಕಾಲದಲ್ಲಿ ಊಟದ ಜೊತೆ ಎರಡು ಹೋಳು ಇರಲಿ. ಕಬ್ಬಿಣದ ಬಾಣಲೆ ಮೂಲೆಯಲ್ಲಿದ್ದರೆ ತೆಗೆಯಿರಿ. ಹುಳಿ ಹಾಕಿದ ಅಡುಗೆ ಅದರಲ್ಲಿ ಮಾಡಿದರೆ ನಿಜವಾಗಿಯೂ ಸ್ವಲ್ಪ ಕಬ್ಬಿಣಾಂಶ ಸೇರುತ್ತದೆ.

ಇನ್ನು ಕಾಫಿ. ರೊಟ್ಟಿ ಜೊತೆ ಕಾಫಿ ಬಿಡಿ ಅಂದರೆ ಮಲೆನಾಡಿನಲ್ಲಿ ಯಾರೂ ಕೇಳುವುದಿಲ್ಲ, ನನಗೆ ಗೊತ್ತು. ಬಿಡಬೇಡಿ, ಹೊತ್ತು ಬದಲಿಸಿ. ಕಾಫಿ, ಟೀಗಳಲ್ಲಿರುವ ಒಗರು ಅಂಶ ಊಟದ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ತಿಂಡಿಗೂ ಕಾಫಿಗೂ ಒಂದು ಗಂಟೆ ಅಂತರ ಇದ್ದರೆ ಸಾಕು. ಎದ್ದ ಕೂಡಲೇ ಒಂದು ಲೋಟ ಕುಡಿದು, ತಿಂಡಿ ಒಂದು ಗಂಟೆ ಕಳೆದು ತಿನ್ನುವುದು ಸುಲಭದ ಉಪಾಯ.

ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ. ದಾಸ್ತಾನು ಪೂರ್ತಿ ಖಾಲಿಯಾಗಿದ್ದರೆ ಊಟದಿಂದ ಮಾತ್ರ ತುಂಬುವುದಿಲ್ಲ, ಅದರಲ್ಲೂ ಪ್ರತಿ ತಿಂಗಳು ಇಷ್ಟು ರಕ್ತ ಹೋಗುತ್ತಿರುವಾಗ. ಆಗ ಮಾತ್ರೆ ಬೇಕು. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣ–ಫೋಲಿಕ್ ಆಮ್ಲದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇದೆ. ದುಬಾರಿ ಡಬ್ಬಿಗಳಿಗಿಂತ ಅದೇನೂ ಕಡಿಮೆಯದಲ್ಲ. ವಾರಕ್ಕೊಂದು ಕೊಡುವುದು ರಕ್ತಹೀನತೆ ಬಾರದಿರಲಿ ಅಂತ. ಬಂದ ಮೇಲೆ ಎಷ್ಟು ಬೇಕು ಅನ್ನುವುದನ್ನು ರಿಪೋರ್ಟ್ ನೋಡಿ ಡಾಕ್ಟರು ಹೇಳಬೇಕು. ಹೊಟ್ಟೆ ತೊಳೆಸುವುದು, ಮಲಬದ್ಧತೆ, ಮಲ ಕಪ್ಪಾಗುವುದು ಸಾಮಾನ್ಯ. ಸಹಿಸಲಾಗದಿದ್ದರೆ ನಿಲ್ಲಿಸಿಬಿಡಬೇಡಿ, ದಿನ ಬಿಟ್ಟು ದಿನ ತಗೊಳ್ಳಬಹುದೇ ಅಂತ ಕೇಳಿ. ಹಾಗೆ ತಗೊಂಡಾಗ ಪ್ರತಿ ಮಾತ್ರೆಯಿಂದ ದೇಹ ಹೀರುವುದು ಜಾಸ್ತಿ ಅಂತ ಕಂಡುಬಂದಿದೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಬಹಳ ಜನ ಎಡವುವುದು ಇಲ್ಲೇ, ಸುಸ್ತು ಹೋದ ಕೂಡಲೇ ಬಿಟ್ಟುಬಿಡುತ್ತಾರೆ. ಮಾತ್ರೆ ಆಗದೇ ಹೋದರೆ ಆಸ್ಪತ್ರೆಯಲ್ಲಿ ನರಕ್ಕೆ ಕೊಡುವ ಇಂಜೆಕ್ಷನ್ ಇದೆ. ಅಲರ್ಜಿಯ ಸಣ್ಣ ಅಪಾಯ ಇರುವುದರಿಂದ ಅಲ್ಲೇ ಕುಳಿತು ತಗೊಳ್ಳಬೇಕು. ಕಬ್ಬಿಣದ ಮಾತ್ರೆಯನ್ನು ಪುಟ್ಟ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಿಠಾಯಿ ಅಂದುಕೊಂಡು ಹಲವು ನುಂಗಿದರೆ ಜೀವಕ್ಕೇ ಅಪಾಯ.

ಕಬ್ಬಿಣಾಂಶ ಎಲ್ಲಿ ಸೋರುತ್ತಿದೆ ಅನ್ನುವುದನ್ನೂ ನೋಡಬೇಕು. ಮುಟ್ಟಿನ ವಿಷಯಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣಿ. ನಲವತ್ತರ ನಂತರ ಹೀಗೇ ಅಂತ ಸಹಿಸಿಕೊಂಡು ಕೂರಬೇಡಿ. ಗರ್ಭಕೋಶದ ಗಡ್ಡೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಇನ್ನೊಂದು, ತೋಟಕ್ಕೆ ಬರಿಗಾಲಲ್ಲಿ ಹೋಗುತ್ತೀರಾ? ಒದ್ದೆ ಮಣ್ಣಿನಿಂದ ಕೊಕ್ಕೆಹುಳ ಅಂಗಾಲಿನ ಮೂಲಕ ಒಳಗೆ ಸೇರುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಜಂತುಹುಳದ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ. ತೋಟಕ್ಕೆ ಮುಚ್ಚಿದ ಚಪ್ಪಲಿ ಅಥವಾ ಗಮ್‌ಬೂಟ್ ಹಾಕಿ.

ಕೈಗೆ ಮಾಡಬೇಕಾದ್ದು ಸಣ್ಣ ಕೆಲಸ, ಆದರೆ ದಿನಾ ಮಾಡಬೇಕು. ಉಗುರು ಗಿಡ್ಡವಾಗಿ ಕತ್ತರಿಸಿ. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್, ಅದರೊಳಗೆ ತೆಳು ಹತ್ತಿಯ ಗ್ಲೌಸ್. ಬರೀ ರಬ್ಬರ್ ಹಾಕಿದರೆ ಒಳಗೆ ಬೆವತು ಮತ್ತೆ ಅದೇ ಕಥೆ. ಕೈ ಒರೆಸಿದ ಕೂಡಲೇ, ಮಲಗುವಾಗ, ಉಗುರಿಗೂ ಅದರ ಬುಡಕ್ಕೂ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಉಗುರುಬಣ್ಣ ತೆಗೆಯುವ ಅಸಿಟೋನ್ ದೂರ ಇಡಿ. ಉಗುರುಸುತ್ತು ಆದಾಗ ನಿಂಬೆಹಣ್ಣಿಗೆ ಬೆರಳು ಚುಚ್ಚಿಕೊಂಡು ಕೂರುವ ಪದ್ಧತಿ ನಮ್ಮಲ್ಲಿದೆ. ಹುಳಿ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ, ಕೀವು ಹೋಗುವುದಿಲ್ಲ.

ಉಗುರು ದಪ್ಪಗಾಗಿ ಹಳದಿಯಾಗಿ ಪುಡಿ ಉದುರುತ್ತಿದ್ದರೆ ಅದು ಫಂಗಸ್ ಇರಬಹುದು. ಅದಕ್ಕೆ ಯಾವ ಆಹಾರವೂ ಮದ್ದಲ್ಲ, ಕೆರೆದು ಪರೀಕ್ಷಿಸಿಯೇ ಔಷಧಿ ಶುರು ಮಾಡಬೇಕು. ಒಂದೇ ಉಗುರಿನಲ್ಲಿ ಕಪ್ಪು ಗೆರೆ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ ತಡಮಾಡದೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ಬರುವಾಗ ಉಗುರಿಗೆ ಬಣ್ಣ, ಮೆಹಂದಿ ಇರಬಾರದು.

ಇನ್ನು ಮಗಳ ಬಿಳಿ ಚುಕ್ಕೆ. ಅದು ಕ್ಯಾಲ್ಸಿಯಂ ಕೊರತೆಯೂ ಅಲ್ಲ, ಬಯೋಟಿನ್ ಕೊರತೆಯೂ ಅಲ್ಲ. ಉಗುರಿನ ಬುಡಕ್ಕೆ ಯಾವಾಗಲೋ ಸಣ್ಣ ಪೆಟ್ಟು ಬಿದ್ದಿರುತ್ತದೆ. ಬಾಗಿಲಿಗೆ ತಾಗಿರಬಹುದು, ಓದುವಾಗ ಉಗುರು ಕಚ್ಚುವ, ಬುಡದ ಚರ್ಮ ಕೀಳುವ ಅಭ್ಯಾಸ ಇರಬಹುದು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ಇವತ್ತು ಉಗುರಿನ ನಡುವೆ ಕಾಣುವ ಚುಕ್ಕೆ ಒಂದೆರಡು ತಿಂಗಳ ಹಿಂದಿನದು. ಅದು ತುದಿಗೆ ಸರಿದು ಕತ್ತರಿಸಿಹೋಗುತ್ತದೆ. ಮಾತ್ರೆ ಬೇಡ. ಹಾಸ್ಟೆಲಿನಲ್ಲಿ ತಿಂಡಿ ಬಿಟ್ಟು ಕಾಲೇಜಿಗೆ ಓಡುತ್ತಾಳಾ ಅಂತ ಮಾತ್ರ ಕೇಳಿ. ಅವಳ ಮುಟ್ಟೂ ಜಾಸ್ತಿ ಇದ್ದರೆ ನಿಮ್ಮ ಜೊತೆಗೇ ಅವಳ ಹಿಮೋಗ್ಲೋಬಿನ್ ಕೂಡ ನೋಡಿಸಿ.

ನಿಮ್ಮ ಉಗುರು ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಚಿಕಿತ್ಸೆ ಶುರುವಾದ ಮೊದಲ ಎರಡು ತಿಂಗಳು ತುದಿಯನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ, ಅದು ಹಳೆಯ ಉಗುರು. ಬುಡದಲ್ಲಿ ಹುಟ್ಟುವ ಹೊಸ ಭಾಗ ಉಬ್ಬಾಗಿ, ನುಣುಪಾಗಿ ಬರುತ್ತಿದೆಯೇ ಅಂತ ನೋಡಿಕೊಳ್ಳಿ. ಅಕ್ಕಿಯ ಆಸೆ ಅದಕ್ಕಿಂತ ಬಹಳ ಮೊದಲೇ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ರಿಪೋರ್ಟ್ ಹಿಡಿದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋಗಿ.